ರಜೆಗೆ ಬಂದ ಮಕ್ಕಳನ್ನು ಹೊಲಕ್ಕೆ ಕರೆಯಿರಿ, ಸಾಲದ ಮಾತು ಬೇಡ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎಷ್ಟೋ ಒಕ್ಕಲಿಗರ ಮಕ್ಕಳು ಈಗ ಹಾಸ್ಟೆಲಿನಲ್ಲಿದ್ದಾರೆ. ಕೆಲವರು 2003ರಲ್ಲಿ ಶುರುವಾದ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ, ಕೆಲವರು ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿನಲ್ಲಿ, ಉಳಿದವರು ಧಾರವಾಡ, ಕಲಬುರಗಿಯಲ್ಲಿ. ಫೀ, ಮೆಸ್ಸಿನ ಲೆಕ್ಕ ನಾವು ಇಡುತ್ತೇವೆ. ಮಕ್ಕಳ ಮನಸ್ಸಿನ ಲೆಕ್ಕ ಇಡುವವರು ಕಡಿಮೆ.

ನನ್ನ ಮಗಳು ಎಂ.ಎಸ್ಸಿ. ಓದುತ್ತಾಳೆ. ಒಮ್ಮೆ ಪರೀಕ್ಷೆ ಮುಗಿಸಿ ಬಂದವಳಿಗೆ ನಿದ್ದೆ ಇಲ್ಲ, ಊಟ ಸೇರದು. ದಿನಾ ಮುಂಜಾನೆ ಉದುರಿದ ಲಿಂಬೆ ಆರಿಸಲು ಜೊತೆಗೆ ಕರೆದೆ. ನಾಲ್ಕು ದಿನ ಸುಮ್ಮನೆ ಬುಟ್ಟಿ ತುಂಬಿದಳು. ಐದನೆಯ ದಿನ ತಾನಾಗಿ, ‘ಅಪ್ಪಾ, ಒಂದು ಪೇಪರ್ ಹೋಗ್ತದ ಅನಸ್ತದ’ ಎಂದಳು. ಮನೆಯಲ್ಲಿ ಎದುರಿಗೆ ಕೂಡಿಸಿ ಕೇಳಿದ್ದರೆ ಈ ಮಾತು ಬರುತ್ತಿರಲಿಲ್ಲ.

ಹತ್ತು ನಿಮಿಷ ಸಾಕು

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2020ರಲ್ಲಿ ಇಂಥ 14 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗಿಡಮರಗಳ ನಡುವೆ 10ರಿಂದ 50 ನಿಮಿಷ ಕುಳಿತರೂ ಸರಿ, ನಡೆದರೂ ಸರಿ, ಕಾಲೇಜು ವಯಸ್ಸಿನವರ ಮನಸ್ಸಿನ ಒತ್ತಡ ಇಳಿಯುತ್ತದೆ ಎಂದು ಕಂಡಿತು. ಓದುವಾಗ ಮನಸ್ಸನ್ನು ಹಿಡಿದು ಕಟ್ಟಬೇಕು. ಗಿಡ, ಹಕ್ಕಿ ನೋಡುವಾಗ ಆ ಜಗ್ಗಾಟ ಇಲ್ಲ. ದಣಿದ ತಲೆಗೆ ಬಿಡುವು ಸಿಗುತ್ತದೆ.

ನಮ್ಮ ಹೊಲ ಉದ್ಯಾನವಲ್ಲ

ಆದರೆ ಒಂದು ಮಾತು. ಪಟ್ಟಣದ ಹುಡುಗರಿಗೆ ಗಿಡ ಬರೀ ಗಿಡ. ನಮ್ಮ ಮಕ್ಕಳಿಗೆ ಒಣಗಿದ ಲಿಂಬೆ ಗಿಡ ಅಂದರೆ ಬತ್ತಿದ ಬೋರು, ಬ್ಯಾಂಕಿನ ನೋಟೀಸು. ಅಲ್ಲಿ ನಿಂತು ‘ನಿನ್ನ ಓದಿಗೆ ಎಷ್ಟ ಸುರದೀನಿ ಗೊತ್ತದ ಏನ?’ ಎಂದರೆ ಹೊಲವೂ ಪರೀಕ್ಷಾ ಕೋಣೆಯೇ ಆಗುತ್ತದೆ. ಸಾಲದ ಮಾತು ಮನೆಯಲ್ಲಿ, ಬೇರೆ ಹೊತ್ತಿನಲ್ಲಿ ಆಗಲಿ.

ಹೀಗೆ ಮಾಡಬಹುದು

* ಮುಂಜಾನೆ ಅಥವಾ ಬಿಸಿಲು ಇಳಿದ ಮೇಲೆ ಕರೆಯಿರಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಹೊಲ ಯಾರಿಗೂ ಹಿತವಲ್ಲ.
* ಆಳಿನ ಕೆಲಸ ಹಚ್ಚಬೇಡಿ. ಅವರು ಆರಿಸಿದ ಹಗುರ ಕೆಲಸ ಸಾಕು. ಬದುವಿನ ಬೇವಿನ ಕೆಳಗೆ ಸುಮ್ಮನೆ ಕುಳಿತರೂ ‘ಮೈಗಳ್ಳ’ ಎನ್ನಬೇಡಿ.
* ಎಳ್ಳ ಅಮಾವಾಸ್ಯೆಯ ಚರಗಕ್ಕೆ, ಸೀತನಿ ತಿನ್ನಲಿಕ್ಕೆ ಗೆಳೆಯ ಗೆಳತಿಯರನ್ನೂ ಕರೆತರಲು ಹೇಳಿ.
* ಹೊಲ ದೂರವಿದ್ದರೆ ಇಂಡಿ, ಸಿಂದಗಿಯವರಿಗೆ ಭೀಮಾ ದಂಡೆ, ಮುದ್ದೇಬಿಹಾಳ, ಬಾಗೇವಾಡಿಯವರಿಗೆ ಕೃಷ್ಣಾ ದಂಡೆ ಇದೆ.
* ಹಾಸ್ಟೆಲಿಗೆ ಫೋನ್ ಮಾಡಿದಾಗ ಅಂಕ ಕೇಳುವ ಮೊದಲು ‘ಇವತ್ತು ಹೊರಗ ಅಡ್ಡಾಡಿ ಬಂದಿಯೇನವಾ?’ ಎಂದು ಕೇಳಿ.

ಹೊಲ ಡಾಕ್ಟರ್ ಅಲ್ಲ

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಯಾರ ಹತ್ತಿರವೂ ಮಾತಿಲ್ಲ ಎಂದಾದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರದಿಂದ ನಡೆದಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ‘ಬದುಕಿ ಏನು ಮಾಡಲಿ’ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ.

ಇನ್ನೊಂದು ಕೆಲಸ ಇವತ್ತೇ ಆಗಲಿ. ಎಣ್ಣೆ ಹೊಡೆದು ಉಳಿದ ಔಷಧದ ಡಬ್ಬಿಗಳನ್ನು ಪೆಟ್ಟಿಗೆಗೆ ಹಾಕಿ ಕೀಲಿ ಜಡಿಯಿರಿ. ಕೀಲಿಕೈ ನಿಮ್ಮ ಹತ್ತಿರವೇ ಇರಲಿ.