ರಕ್ತದೊತ್ತಡದ ನೀರುಗಂಟಿ

ಹೊಸಕೋಟೆ, ದೇವನಹಳ್ಳಿಗಳ ಕಡೆ ಕೆರೆಯ ತೂಬನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನು ನೀರುಗಂಟಿ. ನಮ್ಮ ದೇಹದಲ್ಲಿಯೂ ಅಂತಹ ಕೆಲಸಗಾರರಿಬ್ಬರಿದ್ದಾರೆ. ಅವೇ ಮೂತ್ರಪಿಂಡಗಳು.

ಮುಷ್ಟಿಗಾತ್ರದ ಈ ಅಂಗಗಳ ಒಂದೊಂದರ ತೂಕ ಸುಮಾರು 150 ಗ್ರಾಂ ಮಾತ್ರ. ಆದರೂ ವಿಶ್ರಾಂತಿಯ ವೇಳೆ ಹೃದಯವು ಹೊರದೂಡುವ ರಕ್ತದಲ್ಲಿ ಐದರಲ್ಲೊಂದು ಪಾಲು, ಎಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರು, ಇವೆರಡಕ್ಕೆ ಸಲ್ಲುತ್ತದೆ. ಇಷ್ಟೊಂದು ರಕ್ತವೇಕೆ? ಪೋಷಣೆಗಲ್ಲ, ಶೋಧನೆಗೆ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹೋಗಿ, ಉಳಿದುದು ರಕ್ತಕ್ಕೆ ಮರಳುತ್ತದೆ.

ಸೋಸುವುದಕ್ಕೆ ಒತ್ತಡ ಬೇಕು. ಆದುದರಿಂದ ಶೋಧಕಕ್ಕೆ ರಕ್ತವನ್ನು ತರುವ ಕಿರುಧಮನಿಯ ಗೋಡೆಯಲ್ಲಿ ಒತ್ತಡವನ್ನರಿಯುವ ಜೀವಕೋಶಗಳಿವೆ. ಒತ್ತಡ ಕುಗ್ಗಿದೊಡನೆ ಅವು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ಯಕೃತ್ತು ತಯಾರಿಸಿದ ಪ್ರೋಟೀನೊಂದನ್ನು ರೆನಿನ್ ಕತ್ತರಿಸಲು, ಕೊನೆಗೆ ಆಂಜಿಯೋಟೆನ್ಸಿನ್ ಉಂಟಾಗುತ್ತದೆ. ಇದು ದೇಹದ ಕಿರುಧಮನಿಗಳನ್ನು ಬಿಗಿಗೊಳಿಸುತ್ತದೆ. ಅಲ್ಲದೆ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರೋನ್ ಹಾರ್ಮೋನನ್ನು ಹೊರಡಿಸಿ ಉಪ್ಪನ್ನು ಉಳಿಸುತ್ತದೆ. ಉಪ್ಪಿನೊಡನೆ ನೀರೂ ಉಳಿಯುತ್ತದೆ. ಇತರ ತೂಬುಗಳನ್ನು ಇಳಿಸಿ, ಕೋಡಿಗೂ ಅಡ್ಡಗಟ್ಟಿದಂತೆ! ಒತ್ತಡವೇರುತ್ತದೆ; ರೆನಿನ್ ನಿಲ್ಲುತ್ತದೆ.

ರೆನಿನ್ನಿನ ಇರವನ್ನು 1898ರಲ್ಲಿ ಸ್ಟಾಕ್‌ಹೋಮಿನ ಟೀಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದರು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್, ನಾಯಿಗಳ ಮೂತ್ರಪಿಂಡದ ಧಮನಿಯನ್ನು ಬೆಳ್ಳಿಯ ಹಿಡಿಕೆಯಿಂದ ಕಿರಿದುಗೊಳಿಸಿದಾಗ ಇಡೀ ದೇಹದ ರಕ್ತದೊತ್ತಡ ಏರಿತು. ಕೆರೆ ತುಂಬಿದ್ದರೂ ತನ್ನ ಕಾಲುವೆಯಲ್ಲಿ ಹೂಳು ಕಟ್ಟಿದ್ದರಿಂದ ನೀರುಗಂಟಿ ಬರಗಾಲವೆಂದು ಭ್ರಮಿಸಿದಂತಾಯಿತು!

ಮನುಷ್ಯರಲ್ಲಿಯೂ ಹೀಗಾಗುವುದುಂಟು. ವಯಸ್ಸಾದವರಲ್ಲಿ ಕೊಬ್ಬು ಕಟ್ಟಿ ಈ ಧಮನಿ ಕಿರಿದಾಗಬಹುದು. ನಮ್ಮ ದೇಶದ ಎಳೆಯರಲ್ಲಿ, ವಿಶೇಷವಾಗಿ ತರುಣಿಯರಲ್ಲಿ, ಧಮನಿಗಳ ಉರಿಯೂತವಾದ ಟಾಕಯಾಸು ರೋಗ ಇದಕ್ಕೊಂದು ಮುಖ್ಯ ಕಾರಣ. ರಕ್ತದೊತ್ತಡವುಳ್ಳ ಬಹುಮಂದಿಯಲ್ಲಿ ಇಂತಹ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ಆದರೆ ಕಾರಣ ಯಾವುದಾದರೂ, ಏರಿದ ಒತ್ತಡ ಮೂತ್ರಪಿಂಡದ ನಾಳಗಳನ್ನು ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡ ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಈ ವಿಷಚಕ್ರ ನೋವಿಲ್ಲದೆ, ಸದ್ದಿಲ್ಲದೆ ಸುತ್ತುತ್ತದೆ.

ಇದನ್ನು ತಡೆಯುವ ಉಪಾಯ ನಮ್ಮ ಕೈಯಲ್ಲಿದೆ. ದಿನಕ್ಕೆ 5 ಗ್ರಾಂಗಿಂತ ಕಡಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಂಜಿಯೋಟೆನ್ಸಿನ್ನನ್ನು ತಡೆಯುವ ಔಷಧಗಳೂ ಇಂದು ಇವೆ. ವೈದ್ಯರು ಪರೀಕ್ಷಿಸಿಯೇ ಅವನ್ನು ಕೊಡಬೇಕು. ಇದಕ್ಕೆಲ್ಲ ಮೊದಲು ಒತ್ತಡ ಏರಿದೆಯೆಂದು ತಿಳಿಯಬೇಕಷ್ಟೆ. ತೋಳಿಗೆ ಪಟ್ಟಿ ಸುತ್ತಿ ಅಳೆಯುವುದು ಕೆಲವೇ ನಿಮಿಷಗಳ ಕೆಲಸ. ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ಇದಕ್ಕಾಗಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರೆ, ಏರಿ ಬಿರಿಯುವ ಮೊದಲೇ ಕೆರೆಯನ್ನು ಕಾದಂತಾಗುತ್ತದೆ.