ಯಾವ ಮಾತು ಯಾವ ಸದನದ್ದು?

ಕಿತ್ತೂರಿನವರು ಲೋಕಸಭೆಗೆ ಮತ ಹಾಕುವುದು ಉತ್ತರ ಕನ್ನಡ ಕ್ಷೇತ್ರದಲ್ಲಿ. ಪಕ್ಕದ ಬೈಲಹೊಂಗಲ, ಅದರಾಚೆಯ ಸವದತ್ತಿ, ರಾಮದುರ್ಗದವರು ಹಾಕುವುದು ಬೆಳಗಾವಿ ಕ್ಷೇತ್ರದಲ್ಲಿ. ಜಿಲ್ಲೆ ಒಂದೇ, ಜಿಲ್ಲಾಧಿಕಾರಿ ಒಬ್ಬರೇ, ಸಂಸದರು ಮಾತ್ರ ಬೇರೆ ಬೇರೆ. ಹೀಗೆ ಗೆರೆ ಎಳೆಯುವ ಕೆಲಸಕ್ಕೆ ಕ್ಷೇತ್ರ ಪುನರ್ವಿಂಗಡಣೆ ಎನ್ನುತ್ತಾರೆ. ಸಂಸತ್ತು ಮಾಡಿದ ಕಾಯ್ದೆಯಂತೆ ನೇಮಕವಾದ ಆಯೋಗವೊಂದು ಜನಗಣತಿ ನೋಡಿ ಇದನ್ನು ಮಾಡುತ್ತದೆ. ಅದರ ಆದೇಶವನ್ನು ಸಂಸತ್ತಿನ ಮುಂದಿಡುತ್ತಾರಾದರೂ ಸಂಸತ್ತು ಅದನ್ನು ತಿದ್ದುವಂತಿಲ್ಲ. ಈಗ ನಡೆಯುತ್ತಿರುವುದು 2001ರ ಜನಗಣತಿಯನ್ನು ಆಧರಿಸಿದ 2008ರ ಆದೇಶ. ನಮ್ಮ ರಾಜ್ಯದಲ್ಲಿ ಎಂಟು ವಿಧಾನಸಭಾ ಕ್ಷೇತ್ರ ಸೇರಿದರೆ ಒಂದು ಲೋಕಸಭಾ ಕ್ಷೇತ್ರ. ಹಾಗಾಗಿ ಕರ್ನಾಟಕದಲ್ಲಿ ಶಾಸಕರು 224, ಲೋಕಸಭಾ ಸದಸ್ಯರು 28.

2024ರಲ್ಲಿ ಬೆಳಗಾವಿಯಿಂದ ಜಗದೀಶ ಶೆಟ್ಟರ್, ಉತ್ತರ ಕನ್ನಡದಿಂದ ವಿಶ್ವೇಶ್ವರ ಹೆಗಡೆ ಕಾಗೇರಿ ಗೆದ್ದರು. ಇಬ್ಬರೂ ಹಿಂದೆ ನಮ್ಮ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು. ಕಿತ್ತೂರಿನ ಅಹವಾಲನ್ನು ಬೆಳಗಾವಿಯ ಸಂಸದರ ಮನೆಗೆ ಒಯ್ಯಬಾರದು ಎಂದೇನಿಲ್ಲ. ಆದರೆ ಕಿತ್ತೂರಿನ ಮತಕ್ಕೆ ಉತ್ತರ ಹೇಳಬೇಕಾದವರು ಉತ್ತರ ಕನ್ನಡದ ಸಂಸದರು.

ಸಂಸದರು ಯಾರೆಂದು ತಿಳಿದ ಮೇಲೆ ಅವರನ್ನು ಏನು ಕೇಳಬೇಕು ಎಂಬ ಪ್ರಶ್ನೆ ಬರುತ್ತದೆ. ಇಲ್ಲಿಯೇ ಹೆಚ್ಚು ಗೊಂದಲ. ಬೆಳಗಾವಿಯಿಂದ ಕಿತ್ತೂರಿನ ಮೇಲೆ ಹಾಯ್ದು ಧಾರವಾಡಕ್ಕೆ ಹೋಗಬೇಕಾದ ನೇರ ರೈಲು ಮಾರ್ಗವನ್ನೇ ತೆಗೆದುಕೊಳ್ಳಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರೈಲ್ವೆ ಇರುವುದು ಕೇಂದ್ರ ಪಟ್ಟಿಯಲ್ಲಿ, ಅದರ ಬಗ್ಗೆ ಕಾಯ್ದೆ ಮಾಡುವುದು ಸಂಸತ್ತು ಮಾತ್ರ. ಹೊಲ, ಹೊಲದ ಹಕ್ಕುಪತ್ರ, ಕಂದಾಯ ಇವೆಲ್ಲ ರಾಜ್ಯ ಪಟ್ಟಿಯಲ್ಲಿವೆ. ಭೂಸ್ವಾಧೀನ ಸಮವರ್ತಿ ಪಟ್ಟಿಯಲ್ಲಿದೆ: ಎರಡೂ ಕಡೆ ಕಾಯ್ದೆ ಮಾಡಬಹುದು, ತಿಕ್ಕಾಟ ಬಂದರೆ ಸಾಮಾನ್ಯವಾಗಿ ಸಂಸತ್ತಿನದೇ ಮೇಲು. ರೈತನ ಕೈಗೆ ಬರುವ ಭೂಸ್ವಾಧೀನ ನೋಟಿಸಿನಲ್ಲಿ ಸರ್ವೆ ನಂಬರು, ಹಿಸ್ಸೆ, ಎಕರೆ-ಗುಂಟೆ, ಆಕ್ಷೇಪಣೆ ಸಲ್ಲಿಸುವ ಗಡುವು ಇರುತ್ತವೆ. ಅದರ ತಲೆಬರಹದಲ್ಲಿ ಯಾವ ಕಾಯ್ದೆ, ಯಾವ ಕಲಮು ಎಂದೂ ಬರೆದಿರುತ್ತದೆ. ಆ ಒಂದು ಸಾಲನ್ನು ಎಲ್ಲಕ್ಕಿಂತ ಮೊದಲು ಓದಬೇಕು. ಪರಿಹಾರ ಎಷ್ಟು, ತಕರಾರು ಯಾರ ಮುಂದೆ ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ.

ಈ ರೈಲು ಮಾರ್ಗಕ್ಕಾಗಿ ಓಡಾಡಿದ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದರು. ಹೆಸರಿನಲ್ಲಿ ‘ರಾಜ್ಯ’ ಇದ್ದರೂ ಅದು ಕೇಂದ್ರ ಸಂಪುಟ ದರ್ಜೆಯ ಸಚಿವರ ಕೈಕೆಳಗಿನ ಸ್ಥಾನ, ರಾಜ್ಯ ಸರ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅವರು 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಬೆಳಗಾವಿಯ ಲೋಕಸಭಾ ಸ್ಥಾನ ತೆರವಾಗಿ, 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆದು ಮಂಗಲಾ ಅಂಗಡಿ ಆರಿಸಿಬಂದರು.

ಮಸೂದೆ, ಕಾಯ್ದೆ, ಸುಗ್ರೀವಾಜ್ಞೆ ಈ ಮೂರನ್ನು ಬೈಲಹೊಂಗಲದ ಎಪಿಎಂಸಿಯಲ್ಲಿ ಹತ್ತಿ, ಕಾಳು ಮಾರುವವರಿಗೆ ಬಿಡಿಸಿ ಹೇಳಬೇಕಿಲ್ಲ. 2020ರ ಜೂನ್‌ನಲ್ಲಿ, ಸಂಸತ್ತು ಸೇರಿರದ ಹೊತ್ತಿನಲ್ಲಿ, ಕೃಷಿ ಮಾರುಕಟ್ಟೆಯ ಬಗ್ಗೆ ರಾಷ್ಟ್ರಪತಿಗಳ ಸಹಿಯಿಂದ ಸುಗ್ರೀವಾಜ್ಞೆ ಹೊರಟಿತು. ಸೆಪ್ಟೆಂಬರಿನಲ್ಲಿ ಅದು ಮಸೂದೆಯಾಗಿ ಎರಡೂ ಸದನ ದಾಟಿತು, ಅಂಕಿತ ಬಿದ್ದು ಕಾಯ್ದೆಯಾಯಿತು. ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಮತ ಎಣಿಸಿ ಎಂದು ಪಟ್ಟು ಹಿಡಿದರೂ ಧ್ವನಿಮತದಿಂದಲೇ ಮುಗಿಸಿದರು. ಧ್ವನಿಮತವೆಂದರೆ ಒಪ್ಪಿದವರು, ಒಪ್ಪದವರು ಕೂಗಿ ಹೇಳುವುದು. ಯಾರು ಯಾವ ಕಡೆ ನಿಂತರು ಎಂಬ ದಾಖಲೆ ಉಳಿಯುವುದಿಲ್ಲ. ಇಷ್ಟು ದೊಡ್ಡ ವಿಷಯಕ್ಕೆ ಅದು ಸಲ್ಲದ ರೀತಿ ಎಂದೇ ನನ್ನ ಅಭಿಪ್ರಾಯ. 2021ರ ನವೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯನ್ನು ರದ್ದು ಮಾಡಿದ್ದೂ ಧ್ವನಿಮತದಿಂದಲೇ. ಆದರೆ ಆಗ ಕರ್ನಾಟಕದ ಎಪಿಎಂಸಿ ತಿದ್ದುಪಡಿ ತಾನಾಗಿ ಬಿದ್ದುಹೋಗಲಿಲ್ಲ. ಅದು ನಮ್ಮ ಶಾಸಕಾಂಗ ಮಾಡಿದ ಕಾಯ್ದೆ, ಅದನ್ನು ತೆಗೆಯಬೇಕಾದುದೂ ಇಲ್ಲಿಯೇ.

ಮಲಪ್ರಭೆಯ ದಂಡೆಯವರಿಗೆ ಮಹದಾಯಿ ನೀರಿನ ಹೋರಾಟವೇ ಕಲಿಸಿದ ಪದ ಗೆಜೆಟ್ ಅಧಿಸೂಚನೆ. ನದಿನೀರು ರಾಜ್ಯದ ವಿಷಯವಾದರೂ ರಾಜ್ಯ ರಾಜ್ಯಗಳ ನಡುವೆ ಜಗಳ ಬಂದರೆ 1956ರ ಅಂತರರಾಜ್ಯ ನದಿನೀರು ವಿವಾದ ಕಾಯ್ದೆಯಂತೆ ಕೇಂದ್ರ ಸರ್ಕಾರ ನ್ಯಾಯಾಧಿಕರಣ ರಚಿಸುತ್ತದೆ. ಗೋವಾದೊಂದಿಗಿನ ಮಹದಾಯಿ ನದಿಯ ಜಗಳಕ್ಕೆ ನ್ಯಾಯಾಧಿಕರಣ ರಚನೆಯಾದದ್ದು 2010ರಲ್ಲಿ. 2018ರ ಆಗಸ್ಟ್ 14ರ ಐತೀರ್ಪಿನಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು 13.42 ಟಿಎಂಸಿ. ಅದರಲ್ಲಿ ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18 ಟಿಎಂಸಿಯನ್ನು ಮಲಪ್ರಭೆಗೆ ತಿರುಗಿಸಿ ಸವದತ್ತಿಯ ನವಿಲುತೀರ್ಥ ಜಲಾಶಯಕ್ಕೆ ತರಬೇಕು. ಐತೀರ್ಪು ಗೆಜೆಟ್‌ನಲ್ಲಿ ಅಚ್ಚಾಗದೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಅಚ್ಚಾದರೆ ಸುಪ್ರೀಂ ಕೋರ್ಟಿನ ಆದೇಶದಷ್ಟೇ ಬಲ. ಅದು ಅಚ್ಚಾದದ್ದು 2020ರ ಫೆಬ್ರುವರಿ 27ರಂದು.

ಹಾಗಾದರೆ ನೀರೇಕೆ ಬರಲಿಲ್ಲ? ಕೇಂದ್ರ ಜಲ ಆಯೋಗ 2022ರ ಡಿಸೆಂಬರಿನಲ್ಲಿ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಆದರೆ ಕಳಸಾ ಹರಿಯುವುದು ಕಣಕುಂಬಿಯ ಕಾಡಿನಲ್ಲಿ. 1976ರ 42ನೇ ತಿದ್ದುಪಡಿಯಿಂದ ಕಾಡು ಸಮವರ್ತಿ ಪಟ್ಟಿಗೆ ಸೇರಿದೆ. 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಕಾಯ್ದೆಯ ಅನುಮತಿ ಬೇರೆಯೇ ಬೇಕು. ಗೋವಾ ಅಡ್ಡಗಾಲು ಹಾಕುತ್ತಿರುವುದೂ ಅಲ್ಲಿಯೇ.

ಈ ಅನುಮತಿಯ ಬಗ್ಗೆ ಕೇಳಲು ಸಂಸದರ ಕೈಯಲ್ಲಿರುವ ಒಳ್ಳೆಯ ಸಾಧನ ಪ್ರಶ್ನೋತ್ತರ ವೇಳೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಸಚಿವರು ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ 230 ಪ್ರಶ್ನೆಗಳಿಗೆ ಬರಹದ ಉತ್ತರ ಮಾತ್ರ, ಆದರೆ ಅದು ದಾಖಲೆಯಾಗಿ ಉಳಿಯುತ್ತದೆ. ಬಳಿಕದ ಶೂನ್ಯವೇಳೆಯಲ್ಲಿ ತುರ್ತು ವಿಷಯ ಎತ್ತಬಹುದು, ಸಚಿವರು ಅಲ್ಲಿಯೇ ಉತ್ತರಿಸಲೇಬೇಕೆಂಬ ಕಟ್ಟಳೆಯಿಲ್ಲ. ಸವದತ್ತಿ, ರಾಮದುರ್ಗದ ರೈತ ಸಂಘಗಳು ಸಂಸದರಿಗೆ ಮನವಿ ಬರೆಯುವಾಗ ‘ಮಹದಾಯಿ ಜಾರಿ ಮಾಡಿ’ ಎಂದಷ್ಟೇ ಬರೆದರೆ ಸಾಲದು. ಕಳಸಾ, ಬಂಡೂರಿಯ ಅರಣ್ಯ ಮತ್ತು ವನ್ಯಜೀವಿ ಅನುಮತಿಯ ಕಡತ ಯಾವ ಹಂತದಲ್ಲಿದೆ ಎಂದು ಕೇಳಬೇಕು, ಆ ಪ್ರಶ್ನೆ ಜಲಶಕ್ತಿ ಸಚಿವರಿಗಲ್ಲ, ಪರಿಸರ ಸಚಿವರಿಗೆ ಹೋಗಬೇಕು.