ಕೂಗಿಕೊಂಡ ಕಂಪ್ಯೂಟರು

ಬಾಪೂಜಿ ನಗರದ ನಮ್ಮ ಮನೆಯಲ್ಲಿ ಒಂದು ಸಂಜೆ ಕಂಪ್ಯೂಟರಿನ ಪರದೆಯು ಇದ್ದಕ್ಕಿದ್ದಂತೆ ಕೆಂಪಾಗಿ ಕೂಗತೊಡಗಿತು. ಯಂತ್ರಕ್ಕೆ ವೈರಸ್ ತಗಲಿದೆ, ಕೂಡಲೆ ಈ ಸಂಖ್ಯೆಗೆ ಫೋನು ಮಾಡತಕ್ಕದ್ದು ಎಂಬುದು ಅದರ ಅಪ್ಪಣೆ. ತಂದೆಯವರ ಪಿಂಚಣಿಯ ಲೆಕ್ಕವೂ ಮನೆಮಂದಿಯ ಚಿತ್ರಗಳೂ ಅದರೊಳಗಿದ್ದುವು, ಬೇರೆ ಪ್ರತಿಯಿರಲಿಲ್ಲ. ನಾವು ಗಾಬರಿಯಿಂದ ಫೋನನ್ನು ಕೈಗೆತ್ತಿಕೊಂಡೂ ಆಗಿತ್ತು.

“ತಾಳಿ ಅಪ್ಪಾ” ಎಂದು ಮಗಳು ತಡೆದಳು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲವೆಂದು ಆ ಸಂಸ್ಥೆಯೇ ತಿಳಿಸಿದೆಯಷ್ಟೆ. ಕರೆ ಮಾಡಿದವರ ಯಂತ್ರವನ್ನು ದೂರದಿಂದಲೇ ವಶಮಾಡಿಕೊಂಡು ಹಣ ಸುಲಿಯುವುದು ಇಂಥ ವಂಚಕರ ಹಂಚಿಕೆ. (ಹಣ ಹೋದವರು ತಡಮಾಡದೆ 1930ಕ್ಕೆ ದೂರಬೇಕು.)

ಅವಳು ವೈಫೈಯನ್ನು ಆರಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿದಳು, ಕೂಗು ನಿಂತಿತು. ಬಳಿಕ ವಿಂಡೋಸ್ ಸೆಕ್ಯುರಿಟಿಯ ಆಫ್‌ಲೈನ್ ಸ್ಕ್ಯಾನ್. ವಿಂಡೋಸ್ ಏಳುವ ಮೊದಲೇ ನಡೆಯುವ ಈ ಶೋಧನೆಯಿಂದ ದುಷ್ಟ ತಂತ್ರಾಂಶವು ಅಡಗಿಕೊಳ್ಳುವುದು ಕಷ್ಟ. ಸುಮಾರು 15 ನಿಮಿಷದಲ್ಲಿ ಒಂದು ಸಿಕ್ಕಿತು. ಉಚಿತವೆಂದು ನಾವೇ ಇಳಿಸಿಕೊಂಡಿದ್ದ ಪಂಚಾಂಗದೊಡನೆ ಬಂದದ್ದು! ಇಂಥ ಶುದ್ಧಿಯ ಸಾಧನಗಳನ್ನು ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಉಚಿತವಾಗಿ ಒದಗಿಸುತ್ತಿದೆ.

ಅದೇ 2017ರ ಮೇ ತಿಂಗಳಲ್ಲಿ ಲೋಕವನ್ನು ಕಂಗೆಡಿಸಿದ ವನ್ನಾಕ್ರೈ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಯಂತ್ರಕ್ಕೆ ಸಿಕ್ಕಿಸಿದ್ದ ಡಿಸ್ಕುಗಳನ್ನೂ ಬಿಡಲಿಲ್ಲ. ಆದುದರಿಂದ ನಾವು ಆ ರಾತ್ರಿಯೇ ಎಲ್ಲಕ್ಕೂ ಪ್ರತಿ ತೆಗೆದು, ಡಿಸ್ಕನ್ನು ಕಳಚಿ, ಬೀರುವಿನಲ್ಲಿ ಮನೆಯಾಕೆಯ ರೇಷ್ಮೆ ಸೀರೆಗಳ ನಡುವೆ ಇಟ್ಟೆವು.